ವೆಜ್ ಮೆಸ್ಸಿನ್ಯಾಗ ಖೀಮಾ ಯಾಕ್ರೀ ಅಕ್ಕಾರ?

ಗುರುವಾರ ಮಧ್ಯಾಹ್ನ ಒಂದೂವರೆ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಬೇರೆ ಬೇರೆ, ಮಾತು ಒಂದೇ. "ಅಕ್ಕಾರ, ನಿಮ್ದು ವೆಜ್ ಮೆಸ್ ಅಲ್ರೀ? ಮತ್ತ ಬೋರ್ಡಿನ್ಯಾಗ ಖೀಮಾ ಅಂತ ಯಾಕ ಬರ್ದೀರಿ?" ಖೀಮಾ ಅಂದರೆ ಕೊಚ್ಚಿದ ಮಾಂಸದ ಅಡುಗೆ, ಅದಕ್ಕೇ ಈ ಪ್ರಶ್ನೆ.

ಕಲಬುರಗಿಯ ಸೇಡಂ ರಸ್ತೆಯಲ್ಲಿ ನಾನೂ ನಮ್ಮ ಅತ್ತೆಯೂ ಒಂದು ಸಣ್ಣ ಊಟದ ಮೆಸ್ ನಡೆಸುತ್ತೇವೆ. ಆರು ಟೇಬಲ್, ಜೊತೆಗೆ ವಿಶ್ವವಿದ್ಯಾಲಯದ ಹುಡುಗರಿಗೆ ಡಬ್ಬಿ. ಸೋಮವಾರ ಎಣ್ಣೆಗಾಯಿ, ಮಂಗಳವಾರ ಪುಂಡಿ ಪಲ್ಯ, ಬುಧವಾರ ಹೆಸರುಕಾಳು, ಗುರುವಾರ ಸೋಯಾ ಖೀಮಾ. ರೊಟ್ಟಿ ದಿನಾ ಇದ್ದದ್ದೇ. ಪ್ರಶ್ನೆ ಬರುವ ಹೊತ್ತಿಗೆ ನನ್ನ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ರೊಟ್ಟಿ ಬುಟ್ಟಿ. "ಸೋಯಾ ಅದರೀ, ಉಣ್ರಿ, ಏನೂ ಆಗಂಗಿಲ್ಲ" ಅಂತ ಹೇಳಿ ಮುಂದಿನ ಟೇಬಲ್ಲಿಗೆ ಓಡುತ್ತೇನೆ. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತು. ಇವತ್ತು ಭಾನುವಾರ, ಮೆಸ್ಸಿಗೆ ರಜೆ. ಕೂತು ಬರೆಯುತ್ತಿದ್ದೇನೆ.

ಈ ಪ್ರಶ್ನೆಯ ಹೊಟ್ಟೆಯಲ್ಲಿ ಎರಡು ಪ್ರಶ್ನೆ ಇವೆ. ಒಂದು, ಇದು ಖರೇನೇ ವೆಜ್ಜಾ ಅನ್ನುವ ಅನುಮಾನ. ಅದು ಸುಲಭದ್ದು. ಅಡುಗೆಮನೆಗೆ ಕರೆದು ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕಿ ತೋರಿಸಿದರೆ ಮುಗಿಯಿತು. ಇನ್ನೊಂದು ಕಷ್ಟದ್ದು. ಮಾಂಸ ಬೇಡ ಅಂದವರಿಗೆ ಮಾಂಸದ ಹಾಗೆ ಇರುವುದು ಯಾಕೆ ಬೇಕು?

ಮೊದಲು ಆ ಪದಾರ್ಥ ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ಜನಕ್ಕೆ ಅದೇ ಗೊತ್ತಿಲ್ಲ. ಮಳೆಗಾಲದಲ್ಲಿ ಬೀದರ್ ಕಡೆ ಬಸ್ಸಿನಲ್ಲಿ ಹೋದರೆ, ಭಾಲ್ಕಿ, ಔರಾದ್ ದಾರಿಯುದ್ದಕ್ಕೂ ಸೋಯಾಬೀನ್ ಹೊಲಗಳೇ. ಆ ಕಾಳಿನಲ್ಲಿ ಸುಮಾರು ಐದರಲ್ಲೊಂದು ಪಾಲು ಎಣ್ಣೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಹಿಟ್ಟು ಮಾಡಿ, ನೀರು ಬೆರೆಸಿ, ಮೆಷಿನ್ನಿನಲ್ಲಿ ಕಾಯಿಸಿ, ಜೋರಾಗಿ ಒತ್ತಿ ಸಣ್ಣ ತೂತಿನಿಂದ ಹೊರಗೆ ನೂಕುತ್ತಾರೆ. ಹೊರಗೆ ಬಂದ ಕೂಡಲೇ ಒಳಗಿನ ನೀರು ಆವಿಯಾಗಿ ಅದು ಉಬ್ಬಿಕೊಳ್ಳುತ್ತದೆ. ಒಳಗೆಲ್ಲ ನಾರು ನಾರು. ಶಾವಿಗೆ ಒತ್ತಿದ ಹಾಗೆ ಅನ್ನಿ, ಶಾವಿಗೆ ಉಬ್ಬುವುದಿಲ್ಲ ಅಷ್ಟೆ. 1960ರ ದಶಕದಲ್ಲಿ ಅಮೆರಿಕದ ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಕಂಪನಿ ಈ ದಾರಿ ಹುಡುಕಿತು. ಹೈದರಾಬಾದ್ ಕಡೆಯವರು ಇದನ್ನು ಮೀಲ್ ಮೇಕರ್ ಅಂತಾರೆ, ನಮ್ಮಲ್ಲೂ ಕೆಲವರು ಹಾಗೇ ಕೇಳುತ್ತಾರೆ. ನಮ್ಮತ್ತೆಯ ವರ್ಣನೆ ಇನ್ನೂ ಚಿಕ್ಕದು. "ಎಮ್ಮಿಗಿ ಹಾಕೂ ಹಿಂಡಿ ಮಂದಿಗಿ ಹಾಕ್ತಿ."

ಅತ್ತೆಗೆ ಅದನ್ನು ಕಂಡರಾಗದ್ದಕ್ಕೆ ಕಾರಣ ಇದೆ. ಒಣಗಿದ್ದಾಗ ಅದು ನಿರಪಾಯಿ, ಕಾರ್ಕಿನ ಹಾಗೆ ಹಗುರ. ಕುದಿಯುವ ಉಪ್ಪು ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ಎರಡರಷ್ಟು ದಪ್ಪ ಆಗುತ್ತದೆ. ಮೇಲೆ ನೊರೆ ಬರುತ್ತದೆ, ನೀರು ಹಳದಿಯಾಗುತ್ತದೆ, ಹಸಿ ಕಾಳಿನ ಒಂಥರಾ ವಾಸನೆ ಮನೆ ತುಂಬುತ್ತದೆ. ಆ ನೀರು ಚೆಲ್ಲಿ, ತಣ್ಣೀರು ಹಾಕಿ, ಒಂದೊಂದು ಹಿಡಿ ತೆಗೆದುಕೊಂಡು ಎರಡೂ ಅಂಗೈ ನಡುವೆ ಹಿಂಡಬೇಕು. ಮತ್ತೆ ನೀರು, ಮತ್ತೆ ಹಿಂಡು. ಮೂರು ಸಲ. ಇದನ್ನು ಅರ್ಧಂಬರ್ಧ ಮಾಡಿದರೆ ಎಷ್ಟು ಮಸಾಲೆ ಹಾಕಿದರೂ ದಂಡ. ಹಿಂಡುವಾಗ ಕೈಯಲ್ಲಿ ಅದು ಮೆತ್ತಗೆ ಒತ್ತಿಕೊಂಡು ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಅದನ್ನು ನೋಡಲಾಗದೆ ಅತ್ತೆ ರೊಟ್ಟಿ ಬಡಿಯುವ ಕಲ್ಲನ್ನು ಗೋಡೆ ಕಡೆ ತಿರುಗಿಸಿಕೊಂಡು ಕೂರುತ್ತಾರೆ. ಮೂವತ್ತು ವರ್ಷದ ಅವರ ಜಾಗ, ಗುರುವಾರ ಮಾತ್ರ ಬದಲಾಗುತ್ತದೆ.

ಸರಿ, ಈಗ ಆ ಕಷ್ಟದ ಪ್ರಶ್ನೆ.

ಇದು ನನ್ನ ತಲೆಗೆ ಹತ್ತಿದ್ದು ಒಂದು ತೊಟ್ಟಿಲ ಕಾರ್ಯದಲ್ಲಿ. ನೂರು ಮಂದಿಯ ಅಡುಗೆ ಹಿಡಿದಿದ್ದೆ. ಮನೆಯವರು ಲಿಂಗಾಯತರು, ಮೊಟ್ಟೆಯೂ ಮುಟ್ಟದವರು. ಬಾಣಂತಿಯ ತಮ್ಮ ಬಂದು, ಸೋಯಾ ಬಿರಿಯಾನಿ ಮಾಡ್ರಿ ಅಂದ. ಮಾಡಿದೆ. ಚೆನ್ನಾಗಿಯೇ ಆಗಿತ್ತು. ಪಂಕ್ತಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಮುತ್ಯಾ ಇದ್ದರು. ಎರಡನೇ ತುತ್ತು ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿದರು. ಬಾಯಿಂದ ತುಂಡನ್ನು ತೆಗೆದು ಎರಡು ಬೆರಳಲ್ಲಿ ಬಿಡಿಸಿ ನೋಡಿದರು. ನಾರು ಎಳೆ ಎಳೆಯಾಗಿ ಬಿಚ್ಚಿಕೊಂಡಿತು.

"ಏನವ್ವ ಇದು?"

"ಸೋಯಾ ರೀ ಮುತ್ಯಾ. ಕಾಳಿಂದು."

"ಕಾಳಿಗಿ ನಾರು ಎಲ್ಲಿಂದ ಬಂತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಓಡಿ ಹೋಗಿ ಪ್ಯಾಕೆಟ್ ತಂದೆ, ಹಸಿರು ಚುಕ್ಕಿ ತೋರಿಸಿದೆ. ಅವರು ಅದರ ಕಡೆ ನೋಡಲೂ ಇಲ್ಲ. "ನಾಲಗಿಗಿ ಓದಾಕ ಬರಂಗಿಲ್ಲವ್ವ" ಅಂದರು. ಎದ್ದು ಹೋಗಿ ಹಿತ್ತಲಿನ ನಳದ ಕೆಳಗೆ ಸ್ನಾನ ಮಾಡಿ, ಮತ್ತೆ ವಿಭೂತಿ ಹಚ್ಚಿಕೊಂಡು ಬಂದು ಕೂತರು. ಊಟ ಮಾಡಲಿಲ್ಲ. ಬಾಳೆಹಣ್ಣು ಕೊಟ್ಟರೂ ತಗೊಳ್ಳಲಿಲ್ಲ. ಸಿಟ್ಟೂ ಮಾಡಲಿಲ್ಲ, ಅದು ಇನ್ನೂ ಕಷ್ಟ ಆಯಿತು.

ಆಮೇಲೆ ಬಹಳ ದಿನ ಒಂದು ಯೋಚನೆ ಕಾಡಿತು. ಹುಟ್ಟಿದಾಗಿನಿಂದ ಮಾಂಸ ಬಾಯಿಗಿಡದ ಮನುಷ್ಯನಿಗೆ ಇದು ಮಾಂಸದ ಹಾಗಿದೆ ಅಂತ ಗೊತ್ತಾಗಿದ್ದು ಹೇಗೆ? ನನಗೆ ಅನಿಸುವುದು ಇಷ್ಟು. ನಮ್ಮ ಊಟದಲ್ಲಿ ಹಲ್ಲಿಗೆ ಎದುರಾಡುವ ಪದಾರ್ಥ ಇಲ್ಲ. ಬೇಳೆ ಕರಗುತ್ತದೆ, ಬದನೆಕಾಯಿ ಸೋಲುತ್ತದೆ, ಕಡಕ್ ರೊಟ್ಟಿ ಮುರಿಯುತ್ತದೆ. ಜಗಿದಾಗ ಹಿಗ್ಗಿ ಮತ್ತೆ ಹಿಂದಕ್ಕೆ ಎಳೆಯುವುದು ಯಾವುದೂ ಇಲ್ಲ. ಮುತ್ಯಾ ಮಾಂಸವನ್ನು ಗುರುತಿಸಲಿಲ್ಲ, ತನ್ನದಲ್ಲದ್ದನ್ನು ಗುರುತಿಸಿದರು. ಅವರ ಸಸ್ಯಾಹಾರ ಇರುವುದು ನಾಲಗೆಯಲ್ಲಿ, ಹಲ್ಲಿನಲ್ಲಿ. ಚುಕ್ಕಿಯ ಬಣ್ಣ ಅದಕ್ಕೇನು ಮಾಡುತ್ತದೆ?

ಇದಕ್ಕೆ ಪೂರ್ತಿ ಉಲ್ಟಾ ಇರುವವರು ನಮ್ಮ ಗುರುವಾರದ ಕಾಯಂ ಗಿರಾಕಿ, ಒಬ್ಬರು ಆಟೋ ಅಣ್ಣ. ಮೊದಲು ಮಟನ್ ಇಲ್ಲದ ಭಾನುವಾರ ಗೊತ್ತಿರಲಿಲ್ಲವಂತೆ ಅವರಿಗೆ. ಒಂದು ಆಷಾಢದಲ್ಲಿ ಊರವರ ಜೊತೆ ಪಂಢರಪುರಕ್ಕೆ ನಡೆದು ಹೋದರು, ತುಳಸಿ ಮಾಲೆ ಹಾಕಿಸಿಕೊಂಡು ಬಂದರು. ಮಾಲೆ ಕೊರಳಿಗೆ ಬಿತ್ತು ಅಂದರೆ ಮಾಂಸ ಇಲ್ಲ, ಕುಡಿತ ಇಲ್ಲ. ಬೀದರ್, ಕಲಬುರಗಿ ಹಳ್ಳಿಗಳಲ್ಲಿ ಇಂಥ ಮಾಲೆಯವರು ಬಹಳ. ಆ ಅಣ್ಣನ ಊಟ ನೋಡಬೇಕು ನೀವು. ಎರಡು ರೊಟ್ಟಿ ಮುರಿದು ತಟ್ಟೆಗೆ ಹಾಕಿ, ಮೇಲೆ ಖೀಮಾ ಸುರಿದು, ಉಳ್ಳಾಗಡ್ಡಿ ಗುದ್ದಿ ಒಡೆದು, ನಿಂಬೆಹಣ್ಣು ಹಿಂಡಿ, ಕಣ್ಣು ಮುಚ್ಚಿ ಮೊದಲ ತುತ್ತು. ಒಂದು ದಿನ ಪಕ್ಕದ ಟೇಬಲ್ಲಿನ ಮೇಷ್ಟ್ರು ಕೆಣಕಿದರು, "ಮಾಲಿ ಹಾಕ್ಕೊಂಡು ಖೀಮಾ ತಿನ್ಲಕತ್ತೀರಲ್ರೀ?" ಅಣ್ಣ ತಲೆ ಎತ್ತದೇ ಹೇಳಿದರು, "ಸರ್, ನಾ ಬಿಟ್ಟಿದ್ದು ಕುರಿ. ಮಸಾಲಿ ಬಿಡ್ತೀನಿ ಅಂತ ವಿಠ್ಠಲಗ ಮಾತು ಕೊಟ್ಟಿಲ್ಲ."

ಇಬ್ಬರೂ ಸಸ್ಯಾಹಾರಿಗಳೇ. ಆದರೆ ಮುತ್ಯಾನಿಗೆ ಕಳೆದುಕೊಂಡದ್ದು ಏನೂ ಇಲ್ಲ, ಹಾಗಾಗಿ ಬದಲಿ ಅನ್ನುವ ಮಾತಿಗೇ ಅರ್ಥ ಇಲ್ಲ. ಆಟೋ ಅಣ್ಣನಿಗೆ ದಿನಾ ಒಂದು ಜಾಗ ಖಾಲಿ. ಅಲ್ಲಿ ಏನಾದರೂ ಬೇಕು. ಈ ಜಗಳದಲ್ಲಿ ಎಲ್ಲರೂ ತಟ್ಟೆಯಲ್ಲಿರುವುದರ ಬಗ್ಗೆ ಮಾತಾಡುತ್ತಾರೆ, ನಾನು ಕೇಳುವುದು ಬೇರೆ: ನೀವು ಬಿಟ್ಟು ಬಂದವರಾ, ಹುಟ್ಟಾ ತಿನ್ನದವರಾ? ಅಷ್ಟು ಗೊತ್ತಾದರೆ ಅವರು ಏನು ಹೇಳುತ್ತಾರೆ ಅಂತ ಮುಕ್ಕಾಲು ಪಾಲು ನಾನೇ ಹೇಳಬಲ್ಲೆ. ಶ್ರಾವಣ ನೋಡಿ. ಆ ಒಂದು ತಿಂಗಳು ನಮ್ಮಲ್ಲಿ ಸೋಯಾ ಖರ್ಚು ದುಪ್ಪಟ್ಟು. ತಿನ್ನುವವರು ಯಾರು? ತಿಂಗಳ ಮಟ್ಟಿಗೆ ಬಿಟ್ಟವರು. ಹುಟ್ಟಾ ಸಸ್ಯಾಹಾರಿಗಳು ಶ್ರಾವಣದಲ್ಲೂ ಎಣ್ಣೆಗಾಯಿಯನ್ನೇ ಕೇಳುತ್ತಾರೆ.

ಮುಕ್ಕಾಲು ಪಾಲು ಅಂದೆ. ಉಳಿದ ಕಾಲು ಪಾಲು ನಮಗೆ ಬೇಳೆ ಕೊಡುವ ಗಂಜ್ ಮಾರ್ಕೆಟ್ಟಿನ ಜೈನ ಕಾಕಾ ಅಂಥವರು. ಅವರ ವಾದ ನಾಲಗೆಯದ್ದಲ್ಲ. ಒಂದು ಸಲ ಲೆಕ್ಕ ಕೊಡಲು ಬಂದವರು ಬೋರ್ಡ್ ನೋಡಿ ನಿಂತರು. "ಸೋಯಾ ತಪ್ಪಲ್ಲವ್ವ. ಖೀಮಾ ಅಂತ ಮನಸಿನ್ಯಾಗ ಇಟ್ಕೊಂಡು ತಿಂದ್ರ ತಪ್ಪು. ಹಿಟ್ಟಿನ ಕೋಳಿ ಕಥಿ ಕೇಳಿಲ್ಲೇನು?" ಅಂದರು. ಶಾಲೆಯಲ್ಲಿ ಓದಿದ್ದೆ, ಮರೆತಿದ್ದೆ. ಯಶೋಧರ ಅನ್ನುವ ರಾಜ. ಕೆಟ್ಟ ಕನಸಿನ ಶಾಂತಿಗೆ ದೇವಿಗೆ ಬಲಿ ಕೊಡು ಅಂತ ತಾಯಿಯ ಹಟ. ಮಗನಿಗೆ ಜೀವ ಕೊಲ್ಲಲು ಮನಸ್ಸಿಲ್ಲ. ಕೊನೆಗೆ ರಾಜಿ ಆಗಿ ಹಿಟ್ಟಿನಲ್ಲಿ ಕೋಳಿ ಮಾಡಿ ಅದನ್ನೇ ಕಡಿಯುತ್ತಾರೆ. ಸತ್ತಿದ್ದು ಬರೀ ಹಿಟ್ಟು. ಆದರೂ ಕೊಂದ ಸಂಕಲ್ಪ ಕೊಂದದ್ದೇ ಅಂತ, ತಾಯಿ ಮಗ ಇಬ್ಬರೂ ನವಿಲು, ನಾಯಿ ಅಂತ ಒಂದಾದ ಮೇಲೊಂದು ಪ್ರಾಣಿ ಜನ್ಮ ಎತ್ತಿ ನರಳುತ್ತಾರೆ. ಜನ್ನ ಇದನ್ನು ಕನ್ನಡದಲ್ಲಿ ಬರೆದದ್ದು 1209ರಲ್ಲಿ. ಅದಕ್ಕೂ ಮೊದಲೇ, ಹತ್ತನೇ ಶತಮಾನದಲ್ಲಿ, ಪುಷ್ಪದಂತ ಅನ್ನುವ ಕವಿ ಅಪಭ್ರಂಶ ಅನ್ನುವ ಹಳೇ ಭಾಷೆಯಲ್ಲಿ ಇದೇ ಕಥೆ ಬರೆದಿದ್ದ. ಎಲ್ಲಿ ಕೂತು ಅಂತೀರಿ? ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ. ಅಂದರೆ ನಮ್ಮ ಮಳಖೇಡ. ನಮ್ಮ ಮೆಸ್ ಇರುವ ಇದೇ ಸೇಡಂ ರಸ್ತೆಯಲ್ಲಿ ಮುಂದೆ ಹೋದರೆ ಕಾಗಿಣಾ ನದಿ ದಂಡೆಗೆ ಸಿಗುವ ಊರು. ಈ ರಸ್ತೆಯಲ್ಲಿ ಈ ಜಗಳ ಶುರುವಾಗಿ ಸಾವಿರ ವರ್ಷ ಆಯಿತು ಅಂತ ತಿಳಿದಾಗ ನನಗೆ ಸ್ವಲ್ಪ ಸಮಾಧಾನ ಆಯಿತು. ನನ್ನ ಬೋರ್ಡಿನದೊಂದೇ ತಪ್ಪಲ್ಲ.

ಆದರೆ ಕಾಕಾ ಹೇಳಿದ್ದನ್ನು ಪೂರ್ತಿ ಒಪ್ಪಲು ನನಗೆ ಆಗಲಿಲ್ಲ. ಯಶೋಧರ ಹಿಟ್ಟಿನ ಕೋಳಿಗೆ ಕತ್ತಿ ಬೀಸಿದಾಗ ಬೇಕಿದ್ದದ್ದು ಸಾವು. ಆಟೋ ಅಣ್ಣನಿಗೆ ಬೇಕಿರುವುದು ಲವಂಗ, ಚಕ್ಕೆ ಮತ್ತು ಹಳೇ ಭಾನುವಾರ. ಎರಡೂ ಒಂದೇನಾ? ಕಾಕಾಗೆ ಇದನ್ನು ಹೇಳಿದೆ. "ವಿಚಾರ ಮಾಡಬೇಕು" ಅಂದು ಬಿಲ್ಲು ಕೊಟ್ಟು ಹೋದರು. ಬೇಳೆ ರೇಟು ಮಾತ್ರ ಇಳಿಸಲಿಲ್ಲ.

ಯುನಿವರ್ಸಿಟಿಯ ಒಬ್ಬಳು ಹುಡುಗಿ ಇದ್ದಾಳೆ, ವೀಗನ್. ಹಾಲು, ಮೊಸರು, ತುಪ್ಪ ಯಾವುದೂ ಇಲ್ಲ. ಅವಳಿಗೆ ಈ ಚರ್ಚೆಯೇ ತಮಾಷೆ. "ಅಕ್ಕ, ಪ್ರಾಣಿ ಉಳೀತಲ್ಲ, ಹೆಸರು ಏನಾದ್ರೂ ಇರ್ಲಿ. ನಿಮ್ಮ ಮುತ್ಯಾ ತಿನ್ನೋ ಮೊಸರಿಗಿಂತ ನಿಮ್ಮ ಖೀಮಾನೇ ಪುಣ್ಯದ್ದು" ಅಂತಾಳೆ. ವಾದದಲ್ಲಿ ಅವಳನ್ನು ಗೆಲ್ಲಲು ನನಗೆ ಆಗಿಲ್ಲ. ಅವಳಿಗೆ ಮಜ್ಜಿಗೆ ಬದಲು ಒಂದು ಹೋಳು ಸೌತೆಕಾಯಿ ಜಾಸ್ತಿ ಹಾಕುತ್ತೇನೆ.

ಜಿಮ್ ಹುಡುಗರದು ಬೇರೆಯೇ ಲೋಕ. ಧರ್ಮ, ದಯೆ ಏನೂ ಕೇಳುವುದಿಲ್ಲ, ಪ್ರೊಟೀನ್ ಎಷ್ಟು ಅಂತಾರೆ. ನೂರು ಗ್ರಾಂ ಒಣ ಸೋಯಾದಲ್ಲಿ ಸುಮಾರು 52 ಗ್ರಾಂ ಪ್ರೊಟೀನ್, ತೊಗರಿಬೇಳೆಯಲ್ಲಿ 22ರ ಆಸುಪಾಸು. ಕೇಳಲು ದೊಡ್ಡದು. ಆದರೆ ಒಂದು ತಟ್ಟೆಗೆ ಬೀಳುವುದು ಮೂವತ್ತು ಗ್ರಾಂ ಒಣ ಸೋಯಾ, ಲೆಕ್ಕ ನೀವೇ ಹಾಕಿ. ಸೋಯಾ ತಿಂದರೆ ಗಂಡಸ್ತನ ಕಡಿಮೆ ಆಗುತ್ತಂತಲ್ಲ ಅಂತ ಕಿವಿಯ ಹತ್ತಿರ ಬಂದು ಕೇಳುವವರೂ ಇದ್ದಾರೆ, ಪಾಪ. ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ 2010ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ನೋಡಿದ್ದಾರೆ. ಸೋಯಾದಿಂದ ಗಂಡಸರ ಟೆಸ್ಟೋಸ್ಟಿರೋನ್ ಕಡಿಮೆ ಆದದ್ದು ಕಂಡಿಲ್ಲ. ಗುರುವಾರಕ್ಕೊಂದು ತಟ್ಟೆಗೆ ಯಾರೂ ಹೆದರಬೇಕಿಲ್ಲ.

ಇನ್ನು ಹೊಸ ಕಾಲದ ಮಾಂಸದ ಕಥೆ. ಸೋಯಾ ವಡಿ ಎಷ್ಟೆಂದರೂ ತಾನು ಮಟನ್ ಅಂತ ಹೇಳಿಕೊಳ್ಳುವುದಿಲ್ಲ, ಮಸಾಲೆ ಹಾಕಿ ನಾವು ಹೇಳಿಸಬೇಕು. ಈಗ ಬರುತ್ತಿರುವುದು ಹಾಗಲ್ಲ. ಬಟಾಣಿ, ಸೋಯಾದಿಂದ ಪ್ರೊಟೀನ್ ಬೇರೆ ಮಾಡಿ, ಎಣ್ಣೆ, ಸುವಾಸನೆ ಸೇರಿಸಿ ಮಾಂಸದ್ದೇ ರೂಪ ಕೊಟ್ಟು ಮಾರುತ್ತಾರೆ. ಉದಯಪುರದ ಗುಡ್‌ಡಾಟ್ ಇಂಥದ್ದನ್ನು ಮಾಡುವ ಕಂಪನಿ. ಬ್ಲೂ ಟ್ರೈಬ್ ಅನ್ನುವ ಇನ್ನೊಂದಕ್ಕೆ 2022ರಲ್ಲಿ ವಿರಾಟ್ ಕೊಹ್ಲಿ, ಅನುಷ್ಕಾ ಶರ್ಮಾ ದುಡ್ಡು ಹಾಕಿದರು. ಅವರಿಬ್ಬರೂ ಮಾಂಸ ಬಿಟ್ಟವರು, ನೋಡಿ, ಮತ್ತೆ ಅದೇ ಲೆಕ್ಕಕ್ಕೆ ಬಂತು. ಅಮೆರಿಕದಲ್ಲಿ 2016ರಿಂದ ಇಂಪಾಸಿಬಲ್ ಬರ್ಗರ್ ಅಂತ ಒಂದಿದೆ. ಸೋಯಾ ಗಿಡದ ಬೇರಿನ ಗಂಟಿನಲ್ಲಿರುವ ಕೆಂಪು ಪ್ರೊಟೀನನ್ನು ಯೀಸ್ಟಿನಲ್ಲಿ ಬೆಳೆಸಿ ಅದಕ್ಕೆ ಬೆರೆಸುತ್ತಾರೆ. ಕಚ್ಚಿದರೆ ರಕ್ತದ ಹಾಗೆ ಕೆಂಪು ರಸ ಬರಲಿ ಅಂತ. ಇದನ್ನು ಅತ್ತೆಗೆ ಹೇಳುವ ಧೈರ್ಯ ನನಗೆ ಬಂದಿಲ್ಲ.

ನಮ್ಮ ತಂಗಿಯ ಮಗ ಬೆಂಗಳೂರಿನಿಂದ ಬರುವಾಗ ಒಂದು ಪ್ಯಾಕೆಟ್ ತಂದ. ಯಾವ ಕಂಪನಿಯದ್ದು ಅಂತ ಬೇಡ. ಬೆಲೆ ನಮ್ಮ ಮೆಸ್ಸಿನ ನಾಲ್ಕು ಊಟಕ್ಕೆ ಸಮ. ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ಇಟ್ಟು ರಾತ್ರಿ ಬಸ್ಸಿನಲ್ಲಿ ತಂದಿದ್ದ, ಅಷ್ಟು ಪ್ರೀತಿ. ನನಗೆ ಅದನ್ನು ಅಡುಗೆ ಮಾಡುವುದು ಹೇಗೆ ಅಂತ ತಿಳಿಯದೆ ಪಕ್ಕದ ಮನೆ ಆಪಾನನ್ನು ಕರೆದೆ. ಈ ಓಣಿಯಲ್ಲಿ ತಹರಿ, ಅಂದರೆ ಮಟನ್ ಹಾಕಿದ ಮಸಾಲೆ ಅನ್ನ, ಆಪಾ ಕೈದೇ ಆಗಬೇಕು, ಮಟನ್ ಬಗ್ಗೆ ಅವರ ಮಾತೇ ಕೊನೆ. ಮೆಸ್ಸಿನ ಅಡುಗೆಮನೆ ಬೇಡ ಅಂತ ಅತ್ತೆ ಹೇಳಿದ್ದಕ್ಕೆ ಹಿತ್ತಲಿನಲ್ಲಿ ಸಣ್ಣ ಗ್ಯಾಸಿನ ಮೇಲೆ ಮಾಡಿದೆವು.

ಆಪಾ ಉಳ್ಳಾಗಡ್ಡಿ ಕಂದು ಬಣ್ಣಕ್ಕೆ ಬರುವ ತನಕ ಕಾದರು. ಇಡೀ ಮಸಾಲೆ, ಶುಂಠಿ ಬೆಳ್ಳುಳ್ಳಿ, ಮೊಸರು. ಆಮೇಲೆ ಆ ತುಂಡುಗಳು. ಒಂದನ್ನು ಚಮಚದಿಂದ ಒತ್ತಿ, ಮೂಸಿ, ಬಾಯಿಗೆ ಹಾಕಿಕೊಂಡರು. ನಾವೆಲ್ಲ ತೀರ್ಪಿಗೆ ಕಾದು ನಿಂತಿದ್ದೆವು. "ಮಸಾಲಾ ಪಾಸ್, ಮಟನ್ ಫೇಲ್" ಅಂದರು. "ಇದ್ರಾಗ ಎಲುಬು ಎಲ್ಲಿ ಅದ? ಎಲುಬು ಇಲ್ಲಂದ್ರ ರಸಕ್ಕ ರುಚಿ ಎಲ್ಲಿಂದ ಬರ್ತದ?" ನನ್ನ ಗಂಡ ಒಂದು ತುಂಡು ಕಚ್ಚಿ ತಟ್ಟೆ ಬಿಟ್ಟು ಎದ್ದರು. ಅವರಿಗೆ ಅದು ತೀರಾ ಮಾಂಸದ ಹಾಗಿತ್ತು. ಆಪಾಗೆ ಮಾಂಸದ ಹಾಗೆ ಇರಲೇ ಇಲ್ಲ. ಒಂದೇ ಬಾಣಲೆ! ನಾನು ಎರಡು ತುಂಡು ತಿಂದೆ. ಕೆಟ್ಟದ್ದೇನಲ್ಲ. ಆದರೆ ಎರಡನೆಯದನ್ನು ಅಗಿಯುವಾಗ ತೊಟ್ಟಿಲ ಮನೆಯ ಮುತ್ಯಾನ ಎರಡು ಬೆರಳು ನೆನಪಾಯಿತು, ಮುಂದೆ ಹೋಗಲಿಲ್ಲ.

ಆಗಲೇ ಆಪಾ ಇನ್ನೊಂದು ಮಾತು ಹೇಳಿದರು. ಅತ್ತೆ ಕಡಲೆಹಿಟ್ಟಿನ ವಡಿ ಮಾಡಿ ಸಾರಿಗೆ ಬಿಡುತ್ತಾರಲ್ಲ, ಆ ಸಾರಿಗೆ ಹಾಕುವ ಹುರಿದ ಕೊಬ್ಬರಿ, ಗಸಗಸೆ, ಲವಂಗ, ಚಕ್ಕೆ ಎಲ್ಲ ತಮ್ಮ ಮಟನ್ ಸಾಲನ್ನಿನದೇ ಅಂತ. "ನಿಮ್ಮತ್ತಿ ನಲವತ್ತು ವರ್ಷದಿಂದ ಮಟನ್ ಇಲ್ಲದ ಮಟನ್ ಮಾಡ್ಲಕತ್ತಾರ, ಯಾರೂ ಕೇಳಿಲ್ಲ." ನಾನು ನಕ್ಕೆ, ಆದರೆ ಮಾತು ಸುಳ್ಳಲ್ಲ. ಹಾಗಾದರೆ ವಡಿ ಸಾರು ಯಾಕೆ ಯಾರಿಗೂ ಚುಚ್ಚಲ್ಲ? ವಡಿ ಹಲ್ಲಿಗೆ ಸಿಕ್ಕ ಕೂಡಲೇ ಪುಡಿಯಾಗುತ್ತದೆ. ಮತ್ತೆ, ಅದಕ್ಕೆ ಬೇರೆಯವರ ಹೆಸರಿಲ್ಲ.

ಹಾಗಾಗಿ ನನ್ನ ಉತ್ತರ ಹೀಗಿದೆ. ಸಸ್ಯಾಹಾರಿ ಇದನ್ನು ತಿನ್ನಬಹುದಾ? ತಿನ್ನಬಹುದು, ಸುಮ್ನೆ ಧರ್ಮಸಂಕಟ ಮಾಡಿಕೊಳ್ಳಬೇಡಿ. ತಿನ್ನಲೇಬೇಕಾ? ಬೇಡ. ಎಳ್ಳಮಾಸಿಗೆ ಹೊಲದಲ್ಲಿ ಕೂತು ಹಸಿ ತೊಗರಿ ಹಾಕಿದ ಭಜ್ಜಿ, ಸಜ್ಜೆ ರೊಟ್ಟಿ ಉಂಡವರಿಗೆ ಯಾವುದರ ಬದಲಿಯೂ ಬೇಕಾಗಿಲ್ಲ. ನಾನು ಗುರುವಾರ ಮಾಡುವುದು ಆಟೋ ಅಣ್ಣನಂಥವರಿಗೆ. ಇದು ಸಸ್ಯಾಹಾರಿಗಳ ಊಟ ಅನ್ನುವುದಕ್ಕಿಂತ ಮಾಂಸ ಬಿಟ್ಟವರ ಊಟ. ಲ್ಯಾಬಿನಲ್ಲಿ ಬೆಳೆಸಿದ ಮಾಂಸ ಬಂದರೆ ಮಾಡ್ತೀರಾ ಅಂತ ಹುಡುಗರು ಕೇಳುತ್ತಾರೆ. ಸಿಂಗಾಪುರದಲ್ಲಿ 2020ರಲ್ಲೇ ಅನುಮತಿ ಸಿಕ್ಕಿದೆ. ಅದು ಪ್ರಾಣಿಯದೇ ಜೀವಕೋಶ, ನಮ್ಮ ಮೆಸ್ಸಿಗೆ ಬರಲ್ಲ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಖೀಮಾ ಅನ್ನುವ ಹೆಸರಿನ ಬಗ್ಗೆ ಮಾತ್ರ ಇನ್ನೂ ಎರಡು ಮನಸ್ಸಿದೆ. ಕಾಕಾ ಹೇಳಿದ ಮೇಲೆ ಒಂದು ತಿಂಗಳು "ಸೋಯಾ ಪಲ್ಯ" ಅಂತ ಬರೆದು ನೋಡಿದೆ. ಅಡುಗೆ ಅದೇ, ಕೈ ಅದೇ, ಅರ್ಧ ಪಾತ್ರೆ ಉಳಿಯಿತು. ಆಟೋ ಅಣ್ಣ ಎರಡು ಗುರುವಾರ ಬರಲೇ ಇಲ್ಲ. ಮತ್ತೆ ಖೀಮಾ ಅಂತ ಬರೆದೆ. ಬೇಕಾದರೆ ವ್ಯಾಪಾರದ ಬುದ್ಧಿ ಅನ್ನಿ. ಆದರೆ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಹೊಸಬರು ಕೂತರೆ ಸೌಟು ಎತ್ತುವ ಮೊದಲು ಇದು ಏನು, ಅಗಿದರೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೇಡ ಅಂದವರಿಗೆ ಅತ್ತೆ ಬೇರೆ ಒಲೆಯ ಮೇಲೆ ಝುಣಕ ಮಾಡಿ ಇಟ್ಟಿರುತ್ತಾರೆ. ಕಾರ್ಯಗಳಿಗೆ ಸೋಯಾ ಬಿರಿಯಾನಿ ಕೇಳಿದರೆ ಮಾಡುವುದಿಲ್ಲ.

ಆ ಪ್ಯಾಕೆಟ್ಟಿನ ಉಳಿದರ್ಧ ಇನ್ನೂ ನಮ್ಮ ಫ್ರೀಜರಿನಲ್ಲಿದೆ. ಬಿಸಾಕಲು ದುಡ್ಡಿನ ನೆನಪಾಗುತ್ತದೆ, ತಿನ್ನಲು ಯಾರೂ ಇಲ್ಲ. ಅತ್ತೆ ಅದನ್ನು ಎರಡು ಕವರಿನಲ್ಲಿ ಸುತ್ತಿ, ಬಟಾಣಿಯ ಡಬ್ಬಿಯಿಂದ ದೂರ ತಳ್ಳಿ ಇಟ್ಟಿದ್ದಾರೆ. ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ. ಗುರುವಾರ ಮಾತ್ರ ಬರಬೇಡಿ, ಅವತ್ತು ಗದ್ದಲ ಜಾಸ್ತಿ.